ಸಣ್ಣ ಕರುಳಿನ ಮಾದರಿ: ಮೂರು ವಾರ ಕಾಡಿದ ನಿಂತ ನೀರು

ಕೊನೆಗೂ ಎರಡು ಕೊಳವೆಗಳು ಎರಡು ಬೇರೆ ಅಂಕಿ ಕೊಟ್ಟವು! ಔಷಧ ಕರುಳಿನ ಗೋಡೆಯನ್ನು ಹೇಗೆ ದಾಟುತ್ತದೆಂದು ತೋರಿಸಲು ಮನೆಯಲ್ಲೇ ಮಾಡಿದ ಮಾದರಿ ಇದು: ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಡಯಾಲಿಸಿಸ್ ಕೊಳವೆಯೊಳಗೆ ಔಷಧದ ಬದಲು ಟಾರ್ಟ್ರಝೀನ್ ಎಂಬ ಹಳದಿ ಬಣ್ಣ, ಹೊರಗೆ ನೀರು, ಹೊರಬಂದ ಬಣ್ಣಕ್ಕೆ ನೀಲಿ ಎಲ್‌ಇಡಿಯಿಂದ ಅಳತೆ. ನನ್ನ ನಿದ್ದೆ ಕೆಡಿಸಿದ್ದು ಲೋಳೆ. ಕರುಳಿನ ಲೋಳೆಪದರಕ್ಕೆ ಬದಲಾಗಿ ಬೆಂಡೆಕಾಯಿಯ ಲೋಳೆಯನ್ನು ದಪ್ಪಗೆ ಬಳಿದು ಮಲ್ ಬಟ್ಟೆ ಸುತ್ತಿದೆ. ಬಟ್ಟೆಯ ಪಾಲು ತಿಳಿಯಲೆಂದು ಲೋಳೆಯಿಲ್ಲದ ಕೊಳವೆಗೂ ಅದೇ ಬಟ್ಟೆ. ಆದರೂ ಎರಡರಿಂದಲೂ ಹೊರಬಂದ ಬಣ್ಣ ಸುಮಾರು 40 ನಿಮಿಷಕ್ಕೇ ನಾನಿಟ್ಟುಕೊಂಡ ಗುರುತಿನ ಮಟ್ಟ ಮುಟ್ಟುತ್ತಿತ್ತು.

ಮೊದಲು ಕೊಳವೆಯನ್ನೇ ಶಂಕಿಸಿದೆ. ಕೊರಿಯರ್‌ನಲ್ಲಿ ಬಂದ ಸುರುಳಿ ಮಡಿಕೆಯಲ್ಲೇ ಸೀಳಿತ್ತು. ಮಾರಿದವರಿಗೆ ಫೋಟೋ ಕಳುಹಿಸಿದರೆ, ‘ನೆನೆಸಿ ನೋಡಿ’ ಎಂದರು. ಸೀಳಿದ್ದು ನೆನೆಸಿದರೆ ಕೂಡಿಕೊಳ್ಳುತ್ತದೆಯೇ? ದುಡ್ಡಿನ ಜೊತೆ ಹತ್ತು ದಿನವೂ ಹೋಯಿತು. ಹೊಸ ಸುರುಳಿ ತಂದರೂ ಅದೇ ಅಂಕಿ.

ಮೊನ್ನೆ ರಾತ್ರಿ ಕರೆಂಟ್ ಹೋಯಿತು. ಮೊಬೈಲ್ ಟಾರ್ಚನ್ನು ಬೀಕರಿನ ಪಕ್ಕದಿಂದ ಹಿಡಿದಾಗ ಕೊಳವೆಯ ಮೈಗೆ ದಾರದಷ್ಟು ದಪ್ಪದ ಹಳದಿ ಮಂಜು ಅಂಟಿಕೊಂಡಿತ್ತು. ಕರೆಂಟ್ ಬಂದು ನೀರು ಕಲಕುವ ಫ್ಯಾನ್ ತಿರುಗಿದರೂ ಅದು ಅಲುಗಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಕಂಪ್ಯೂಟರ್ ಫ್ಯಾನಿಗೆ ಆಯಸ್ಕಾಂತ ಅಂಟಿಸಿದ ನನ್ನ ಕಲಕುವ ಯಂತ್ರ ಅಷ್ಟು ನಿಧಾನವಾಗಿತ್ತು. ಬಣ್ಣವನ್ನು ತಡೆಯುತ್ತಿದ್ದದ್ದು ಆ ಅಲುಗದ ನೀರು. ಅದರ ಮುಂದೆ ಲೋಳೆಯ ತಡೆ ಕಾಣಿಸುವುದೆಲ್ಲಿಂದ?

5 ವೋಲ್ಟಿನ ಬದಲು 12 ವೋಲ್ಟ್ ಕೊಟ್ಟೆ. ಲೋಳೆಯಿಲ್ಲದ ಕೊಳವೆ 19 ನಿಮಿಷಕ್ಕೆ ಇಳಿಯಿತು. ಲೋಳೆಯದ್ದು 34ರಲ್ಲೇ ನಿಂತಿತು. ಎಷ್ಟು ಕಲಕಿದರೂ ತನ್ನೊಳಗಿನ ನೀರನ್ನು ಲೋಳೆ ಅಲುಗಗೊಡುವುದಿಲ್ಲ! ನಮ್ಮ ಕರುಳಿನಲ್ಲೂ ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಔಷಧ ಜೀವಕೋಶದ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಅದಕ್ಕೆ ಪೊರೆಗಿಂತ ಈ ನಿಂತ ನೀರೇ ದೊಡ್ಡ ಅಡ್ಡಿಯಾಗಬಲ್ಲದು. ನೀರಿನಲ್ಲಷ್ಟೇ ಕರಗುವ ಔಷಧದ ಕಷ್ಟ ಬೇರೆ: ಪೊರೆ ಅದನ್ನು ಬಿಟ್ಟುಕೊಳ್ಳುವುದಿಲ್ಲ, ಕೋಶಗಳ ನಡುವಿನ ಸಂದುಗಳೂ ಬಿಗಿ. ಆ ಬಿಗಿಯನ್ನು ನನ್ನ ಕೊಳವೆ ತೋರಿಸಲಾರದು. ಅದರ ರಂಧ್ರಗಳು ಸುಮಾರು 12,000 ಡಾಲ್ಟನ್ (ಅಣುತೂಕದ ಅಳತೆ) ವರೆಗಿನ ಅಣುಗಳನ್ನು ಬಿಡುತ್ತವೆ, ಟಾರ್ಟ್ರಝೀನ್ ಬರೀ 534.

ಒಳಬಂದ ಔಷಧವನ್ನು ಹೊರದೂಡುವ ಪಿ-ಗ್ಲೈಕೋಪ್ರೋಟೀನ್ ಆಗಲಿ, ಕರುಳಿನ ಗೋಡೆಯಲ್ಲೇ ಅದನ್ನು ಒಡೆಯುವ ಸಿವೈಪಿ3ಎ4 ಕಿಣ್ವವಾಗಲಿ ಕೊಳವೆಯಲ್ಲಿಲ್ಲ. ದ್ರಾಕ್ಷಿಹಣ್ಣಿಗೆ ಸಂಬಂಧವಿಲ್ಲದ ಗ್ರೇಪ್‌ಫ್ರೂಟ್ ಎಂಬ ಹುಳಿಹಣ್ಣಿನ ರಸ ಈ ಕಿಣ್ವವನ್ನು ತಡೆಯುತ್ತದೆ. ಅದು ರಕ್ತದೊತ್ತಡದ ಫೆಲೋಡಿಪೀನ್ ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಏರಿಸುವುದು ಬೆಳಕಿಗೆ ಬಂದದ್ದು 1989ರಲ್ಲಿ, ಬೇರೇನೋ ಪರೀಕ್ಷಿಸುತ್ತಿದ್ದಾಗ. ಆ ಹಣ್ಣು ಚಕ್ಕೋತ ಮತ್ತು ಕಿತ್ತಳೆಯ ಮಿಶ್ರತಳಿ. ಚಕ್ಕೋತವೆಂದರೆ ನಮ್ಮ ದೇವನಹಳ್ಳಿ! ಅದರ ರಸವನ್ನು ಪರೀಕ್ಷಿಸಲೇಬೇಕು.

ಅದಕ್ಕೆ ಜೀವಂತ ಅಂಗಾಂಶ ಬೇಕು. 1954ರಲ್ಲಿ ವಿಲ್ಸನ್ ಮತ್ತು ವೈಸ್‌ಮನ್ ಎಂಬ ವಿಜ್ಞಾನಿಗಳು ಮಾಡಿದಂತೆ ಕರುಳಿನ ತುಂಡನ್ನು ಒಳಗು ಹೊರಗಾಗುವಂತೆ ತಿರುವಿ, ಚೀಲ ಕಟ್ಟಬೇಕು. ಮಾಂಸದಂಗಡಿಯವರು ಬೆಳಗ್ಗೆ ಐದಕ್ಕೆ ಬಂದರೆ ಕುರಿಯ ಕರುಳು ಕೊಡುತ್ತೇನೆಂದಿದ್ದಾರೆ. ಮನೆ ತಲುಪುವವರೆಗೆ ಅದಕ್ಕೆ ಆಮ್ಲಜನಕ ಸಿಗಬೇಕು. ಮೀನಿನ ತೊಟ್ಟಿಯ ಬ್ಯಾಟರಿ ಪಂಪ್ ಸಾಕಾಗುತ್ತದೆಯೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.