ಫೋನಿಕ್ಸ್ ಮುಗಿದ್ರ ಇಂಗ್ಲಿಷ್ ಬರ್ತದಲ್ರೀ?

ಇಲ್ಲ. ಬರೋದಿಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಕೂಸುಗಳಿಗೆ ಫೋನಿಕ್ಸ್, ಅಂದರೆ ಇಂಗ್ಲಿಷನ್ನು ದನಿ ಕೂಡಿಸಿ ಓದುವುದನ್ನು, ಕಲಿಸುವ ಟೀಚರ್ ನಾನು; ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಜೋತಾಡುತ್ತ, ಮದುವೆ ಮನೆಯ ಪಂಗ್ತಿಯಲ್ಲಿ ಕೂತು, ಸಂತೆಯಲ್ಲಿ ಮೆಂತೆಪಲ್ಲೆ ಆರಿಸುತ್ತ ಈ ಉತ್ತರವನ್ನು ಎಷ್ಟು ಸಲ ಕೊಟ್ಟರೂ ಕೇಳಿದವರು ಅಲ್ಲಿಗೆ ಬಿಡುವುದಿಲ್ಲ. "ಅಲ್ರೀ ಟೀಚರ್, ಹಂಗಾರ ಕಲಿಸೂದು ಯಾಕ?" ಅನ್ನುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಮೆಂತೆಪಲ್ಲೆ ನಿಶ್ಚಿಂತೆಯಿಂದ ಆರಿಸಿಕೊಳ್ಳುತ್ತೇನೆ.

ಮೊದಲು ಆ 'ಮುಗಿದ್ರ' ಅನ್ನುವುದರ ಬಗ್ಗೆ. ಸಪ್ತಾಪುರದ ಕೋಚಿಂಗ್ ಬೋರ್ಡುಗಳನ್ನು ನೋಡಿ ನೋಡಿ ಧಾರವಾಡದ ಮಂದಿಗೆ ಒಂದು ಚಟ ಹತ್ತಿದೆ. ಯಾವ ವಿದ್ಯೆಗಾದರೂ ಒಂದು ಬ್ಯಾಚು, ಒಂದು ಅವಧಿ, ಒಂದು ಗ್ಯಾರಂಟಿ ಬೇಕು. ಪಿಎಸ್ಐ ಪರೀಕ್ಷೆಗೆ ಓದುವವನು ಕೇಳಿದರೆ ನ್ಯಾಯ. ನನ್ನ ಹತ್ತಿರ ಬರುವುದು ಚಪ್ಪಲಿಯನ್ನು ಎಡಬಲ ಅದಲುಬದಲು ಹಾಕಿಕೊಂಡು ಬರುವ ಕೂಸುಗಳು. ಅವಕ್ಕೆ ಯಾವ ಗ್ಯಾರಂಟಿ ಬರೆದುಕೊಡಲಿ?

ಈಗ ವಿಷಯ. ಇಂಗ್ಲಿಷಿಗೆ ಅಕ್ಷರ 26, ದನಿಗಳು ಸುಮಾರು 44. ಅಕ್ಷರದ ಹೆಸರೇ ಬೇರೆ, ಅದರ ದನಿಯೇ ಬೇರೆ. "ಸೀ, ಏ, ಟೀ" ಎಂದು ಎಷ್ಟು ಬೇಗ ಒದರಿದರೂ ಅದು "ಸೀಏಟೀ" ಆಗುತ್ತದೆಯೇ ಹೊರತು "ಕ್ಯಾಟ್" ಆಗುವುದಿಲ್ಲ. ಕ್, ಆ್ಯ, ಟ್ ಎಂಬ ಮೂರು ದನಿಗಳನ್ನು ಕೂಡಿಸಿದರೆ ಆಗುತ್ತದೆ. ಕೂಡಿಸುವುದು ಓದು, ಕೇಳಿದ ಶಬ್ದವನ್ನು ಹಾಗೇ ಬಿಡಿಸುವುದು ಬರಹ. ಫೋನಿಕ್ಸ್ ಅಂದರೆ ಇಷ್ಟೇ. ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ, ಅಮೆರಿಕದಿಂದ ತರಿಸಿದ ಸಾಮಾನೂ ಇಲ್ಲ.

ಕನ್ನಡದ ಮಕ್ಕಳಿಗೆ ಇದರಲ್ಲಿ ತೊಡಕಾಗುವುದು ಎರಡು ಕಡೆ. ನಮ್ಮ 'ಬ' ಒಳಗೆ ಒಂದು 'ಅ' ಕೂತಿರುತ್ತದೆ. ಹಾಗಾಗಿ 'ಬ್ಯಾಟ್' ಕೂಡಿಸು ಅಂದರೆ "ಬ, ಆ್ಯ, ಟ, ಬಆ್ಯಟ" ಎಂದು ಹೊಸ ಪ್ರಾಣಿಯೊಂದನ್ನು ಹುಟ್ಟಿಸುತ್ತಾರೆ. ತುಟಿ ಮುಚ್ಚಿ ತಟ್ಟನೆ ಬಿಡುವ ಬರೀ 'ಬ್' ಕಲಿಸುವುದಕ್ಕೇ ವಾರಗಳು ಹೋಗುತ್ತವೆ. ಇನ್ನೊಂದು ಶಬ್ದದ ಬಾಲ. ನಮ್ಮ ನಾಲಿಗೆಗೆ ಶಬ್ದ ಸ್ವರದಲ್ಲಿ ಮುಗಿಯಬೇಕು, ಅದಕ್ಕೇ ಬಸ್ಸು, ಕಾರು, ಪೆನ್ನು. ಮೇಲೆ ನಾನೇ 'ಬ್ಯಾಚು' ಅಂತ ಬರೆದಿದ್ದೇನೆ, ನೋಡಿ. ಮಾತಿನಲ್ಲಿ ಇದರಿಂದ ಯಾರ ಗಂಟೂ ಹೋಗುವುದಿಲ್ಲ. ಆದರೆ 'ಕ್ಯಾಟು' ಎಂದು ಬಿಡಿಸುವ ಮಗು ಬರೆಯುವಾಗ ಕೊನೆಗೊಂದು 'ಯು' ಅಂಟಿಸುತ್ತದೆ. ನಾಲ್ಕು ದನಿ ಕೇಳಿಸಿತು, ನಾಲ್ಕು ಅಕ್ಷರ ಬರೆಯಿತು. ತಪ್ಪೇನು ಅದರದ್ದು?

ನಮ್ಮ ಕಡೆಯ ಮಕ್ಕಳಿಗೆ ಒಂದು ಲಾಭವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಪುಸ್ತಕದ ಕನ್ನಡದಲ್ಲಿ 'ಆ್ಯ' ಎಂಬ ಸ್ವರವೇ ಇಲ್ಲ. ನಮ್ಮ ಮನೆಗಳಲ್ಲಿ "ಹ್ಯಾಂಗ", "ಬ್ಯಾಡ", "ಬ್ಯಾರೆ" ಎಂದು ಹೊತ್ತು ಹುಟ್ಟಿದರೆ ಅದೇ ಸ್ವರ. "ಬ್ಯಾಡ ಅಂತೀಯಲ್ಲ, ಅದನ್ನ ಸ್ವಲ್ಪ ಗಿಡ್ಡ ಮಾಡು" ಅಂದರೆ ಸಾಕು, 'ಬ್ಯಾಡ್' ಬಂತು. ಹಟಮಾರಿ ಮಕ್ಕಳಿಗಂತೂ ಈ ಸ್ವರ ಮೊದಲೇ ಗಟ್ಟಿ.

ಇನ್ನು ಆ ಪ್ರಸಿದ್ಧ 'ಸಟ್ಪಿನ್'. ಎಸ್, ಎ, ಟಿ, ಪಿ, ಐ, ಎನ್ ಅಕ್ಷರಗಳನ್ನು ಮೊದಲು ಕಲಿಸಿದರೆ ಕೂಡಲೇ ಸಿಟ್, ಪಿನ್, ಟ್ಯಾಪ್, ಪ್ಯಾನ್ ಓದಬಹುದು, ಝಡ್ ಬರುವವರೆಗೆ ಕಾಯಬೇಕಾಗಿಲ್ಲ. ಇದನ್ನು ಕೇಳಿ ಪಾಲಕರು ಕಣ್ಣರಳಿಸುತ್ತಾರೆ. "ಫಾರಿನ್ ಮೆಥಡ್ ಏನ್ರೀ?" ಅಂತ ಒಬ್ಬರು ಕೇಳಿದ್ದರು. ಸ್ವಾಮಿ, ನಿಮ್ಮ ಓಣಿಯ ಸರ್ಕಾರಿ ಕನ್ನಡ ಶಾಲೆಯ ಒಂದನೇ ಇಯತ್ತೆಗೆ ಹೋಗಿ ನೋಡಿ. ಅಲ್ಲಿ ಆಡಾಡುತ್ತ ಕಲಿಸುವ ನಲಿಕಲಿ ಪದ್ಧತಿ ಶುರುವಾಗುವುದು ಅ ಆ ಇ ಈ ಇಂದಲ್ಲ, 'ರ ಗ ಸ ದ ಅ' ಇಂದ. ಆ ಐದೇ ಅಕ್ಷರಗಳಲ್ಲಿ ಸರ, ದರ, ಅರಸ, ಗರಗಸ ಎಲ್ಲ ಓದಬಹುದು. ಅದೇ ಯುಕ್ತಿ. ಅಲ್ಲಿ ಫೀ ಇಲ್ಲ, ಬಣ್ಣದ ಬ್ಯಾಗಿಲ್ಲ, ಅದಕ್ಕೇ ನಿಮಗೆ ಕಾಣಲಿಲ್ಲ. ಅಂದಹಾಗೆ 2007ರಿಂದ ಆ ಶಾಲೆಗಳ ಒಂದನೇ ಇಯತ್ತೆಯಲ್ಲೂ ಇಂಗ್ಲಿಷ್ ಇದೆ.

ಇಷ್ಟೆಲ್ಲ ಕಲಿತ ಮೇಲೂ ಇಂಗ್ಲಿಷ್ ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಹುಬ್ಬಳ್ಳಿಯ ಒಂದು ಕುಬಸದ, ಅಂದರೆ ಸೀಮಂತದ, ಕತೆ ಹೇಳಬೇಕು.

ಊಟ ಶುರುವಾಗಿತ್ತು. ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ ನಮ್ಮ ಬೀಗರ ಪೈಕಿ ಒಬ್ಬರು ಮಗನನ್ನು ಎಳೆದುಕೊಂಡು ಬಂದರು. ಹುಡುಗ ನನ್ನ ಹತ್ತಿರ ಕಲಿತವನೇ, ಆಗ ಒಂದನೇ ಇಯತ್ತೆ. ತಂದೆಯ ಕೈಯಲ್ಲಿ ಮಡಚಿದ ಇಂಗ್ಲಿಷ್ ಪೇಪರು. "ಓದೋ, ನಿಮ್ಮ ಟೀಚರ್ ಮುಂದ ಓದಿ ತೋರ್ಸು." ಪಂಗ್ತಿಯವರೆಲ್ಲ ತುತ್ತು ಕೈಯಲ್ಲೇ ಹಿಡಿದು ನೋಡಿದರು. ಹುಡುಗ ಬೆರಳಿಟ್ಟು ಓದಿದ: "ಕಾಪ್ಸ್ ನ್ಯಾಬ್ ಸಿಕ್ಸ್ ಇನ್ ಲ್ಯಾಂಡ್ ಸ್ಕ್ಯಾಮ್."

ಸ್ಪಷ್ಟವಾಗಿ, ಒಂದು ದನಿಯೂ ಬಿಡದೆ ಓದಿದ. 'ಸ್ಕ್ಯಾಮ್'ನಲ್ಲಿ ಮೊದಲ ಎರಡು ವ್ಯಂಜನಗಳನ್ನು ಕೂಡಿಸುವುದು ಆ ವಯಸ್ಸಿಗೆ ಸಣ್ಣ ಕೆಲಸವಲ್ಲ, ನನಗೆ ಒಳಗೊಳಗೇ ಹೆಮ್ಮೆಯಾಯಿತು. ಅಷ್ಟರಲ್ಲಿ ಅವನ ಆಯಿ, ಅಂದರೆ ಅಜ್ಜಿ, ಕೇಳಿದರು, "ಏನಂತಪಾ ಅದು? ಏನಾಗೇತಂತ?"

"ಗೊತ್ತಿಲ್ಲ ಆಯಿ. ಓದೂದಷ್ಟ ನಂದು."

ಪಂಗ್ತಿ ನಕ್ಕಿತು. ತಂದೆ ನಗಲಿಲ್ಲ. ನನ್ನ ಕಡೆ ತಿರುಗಿ, "ಇದೇನ್ರೀ ಟೀಚರ್, ಅರ್ಥ ಕಲಿಸೇ ಇಲ್ಲಲ್ರೀ ನೀವು? ಫೋನಿಕ್ಸ್ ಮುಗದೈತಿ ಅಂದಿದ್ರಿ?" ಅಂದರು. ತುಪ್ಪದ ಕೈಯಲ್ಲಿ ವಾದ ಮಾಡಲಾಗುವುದಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಆಯಿ ಮಗನಿಗೆ ಅಂದರು: "ನೀನರ ಹೇಳು, ಶಾಣ್ಯಾ." ತಂದೆ ಪೇಪರ್ ಇಸಿದುಕೊಂಡು, ಕಣ್ಣಾಡಿಸಿ, "ಹೊಲದ್ದು ಏನೋ ಮೋಸ ಆಗೇತಿ, ಆರು ಮಂದಿನ ಹಿಡದಾರಂತ" ಅಂದರು. ಮುಂದೆ ನಡೆದದ್ದನ್ನು ನಾನು ಮರೆಯುವುದಿಲ್ಲ. ಆಯಿ ಮೊಮ್ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ತಮ್ಮೂರಿನ ಕತೆ ಶುರು ಮಾಡಿದರು. ಅಣ್ಣ ದುಡಿಯಲು ಗೋವಾಕ್ಕೆ ಹೋದಾಗ ತಮ್ಮನು ಹೊಲದ ದಾಖಲೆಯಾದ ಉತಾರದಲ್ಲಿ ಹೆಸರು ಬದಲಿಸಿಕೊಂಡದ್ದು, ಯಾರೋ ಸುಳ್ಳು ಹೆಬ್ಬೆಟ್ಟು ಒತ್ತಿದ್ದು, ಸಾಕ್ಷಿ ಹೇಳಿದವನು ಆಮೇಲೆ ಊರು ಬಿಟ್ಟದ್ದು. ಹುಡುಗ ಹೋಳಿಗೆ ಮರೆತ. "ಉತಾರ ಅಂದ್ರ?" "ಹೆಬ್ಬೆಟ್ಟು ಯಾಕ, ಸೈ ಬರತಿದ್ದಿಲ್ಲೇನು?" "ಪೊಲೀಸರು ತಮ್ಮನ್ನ ಹಿಡದ್ರಾ?" ಪ್ರಶ್ನೆ ಮೇಲೆ ಪ್ರಶ್ನೆ. ಕೊನೆಗೆ ತಾನೇ ಕೇಳಿದ: "ಹಂಗಾರ ಸ್ಕ್ಯಾಮ್ ಅಂದ್ರ ಇದ ಏನು?"

ನಾನು ಕಲಿಸದೆ ಬಿಟ್ಟಿದ್ದನ್ನು ಆಯಿ ಕಲಿಸಿ ಕೈ ತೊಳೆಯಲು ಎದ್ದರು.

ನನ್ನ ವಾದಕ್ಕೆ ಶಾಸ್ತ್ರದ ಆಧಾರವೂ ಇದೆ. 1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬಿಬ್ಬರು ಸಂಶೋಧಕರು ಓದಿಗೆ ಒಂದು ಲೆಕ್ಕ ಬರೆದರು: ಅಕ್ಷರ ಬಿಡಿಸುವ ಶಕ್ತಿ ಗುಣಿಸು ಭಾಷೆ ತಿಳಿಯುವ ಶಕ್ತಿ, ಬರುವ ಉತ್ತರ ಓದು. ಕೂಡಿಸುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರ ಸೊನ್ನೆ. ನಂಬಿಕೆ ಬರದಿದ್ದರೆ ಕನ್ನಡ ಲಿಪಿಯಲ್ಲಿ ಅಚ್ಚಾದ ಯಾವುದಾದರೂ ಸಂಸ್ಕೃತ ಸ್ತೋತ್ರ ತೆಗೆದು ಗಟ್ಟಿಯಾಗಿ ಓದಿ. ಸರಾಗ ಓದುತ್ತೀರಿ. ಈಗ ಎರಡನೇ ಸಾಲಿನ ಅರ್ಥ ಹೇಳಿ. ಆ ಹುಡುಗನ ಪಾಡೂ ಅದೇ.

ಇಂಗ್ಲೆಂಡಿನಲ್ಲಿ ಇದೇ ಫೋನಿಕ್ಸ್ ಇಷ್ಟು ನಡೆಯುವುದಕ್ಕೆ ಕಾರಣವೂ ಇಲ್ಲೇ ಇದೆ. ಅಲ್ಲಿ ಸರ್ಕಾರ ಬರೆಸಿದ 2006ರ ರೋಸ್ ವರದಿ ಇದನ್ನು ಕ್ರಮವಾಗಿ ಕಲಿಸಬೇಕೆಂದಿತು. 2012ರಿಂದ ಒಂದನೇ ವರ್ಷದ ಮಕ್ಕಳಿಗೆ 40 ಶಬ್ದ ಓದಿಸಿ ನೋಡುತ್ತಾರೆ, ಅದರಲ್ಲಿ 20 ಶಬ್ದಗಳಿಗೆ ಅರ್ಥವೇ ಇಲ್ಲ, ಬಾಯಿಪಾಠ ಮಾಡಿದ್ದಾರೋ ಬಿಡಿಸಿ ಓದುತ್ತಾರೋ ಎಂದು ತಿಳಿಯಲು ಬೇಕೆಂದೇ ಇಟ್ಟವು. (ನಾನೂ ಹಾಗೆ 'ವಿಬ್', 'ನಪ್' ಎಂದು ಬರೆಸುತ್ತೇನೆ. "ಈ ಶಬ್ದ ಡಿಕ್ಷನರಿಯಾಗ ಇಲ್ಲ" ಎಂದು ಒಬ್ಬರು ವಹಿ ಹಿಡಿದುಕೊಂಡು ಜಗಳಕ್ಕೆ ಬಂದಿದ್ದರು.) ಅಲ್ಲಿಯ ಮಗುವಿಗೆ 'ಶಿಪ್' ಅಂದರೇನು ಎಂದು ಅಕ್ಷರ ಕಲಿಯುವ ಮೊದಲೇ ಗೊತ್ತು. ಶ್, ಇ, ಪ್ ಎಂದು ಕೂಡಿಸಿದ ಕ್ಷಣ, ಓಹೋ ಇದಾ, ಎಂದು ಮುಖ ಅರಳುತ್ತದೆ. ನಮ್ಮ ಮಗು ಅಷ್ಟೇ ಚೆಂದ ಕೂಡಿಸುತ್ತದೆ, ಆಮೇಲೆ ನನ್ನ ಮುಖ ನೋಡುತ್ತದೆ.

ಹಾಗಾದರೆ ಫೋನಿಕ್ಸ್ ದಂಡವೋ? ಅಲ್ಲ. ಇದು ಇಲ್ಲದ ಮಕ್ಕಳು ಶಬ್ದವನ್ನು ಚಿತ್ರದ ಹಾಗೆ ನೆನಪಿಡುತ್ತಾರೆ, ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಾರೆ. ಮೂರನೇ ಇಯತ್ತೆಗೆ ಶಬ್ದಗಳ ರಾಶಿ ಬಿದ್ದಾಗ ಊಹೆ ಕೈಕೊಡುತ್ತದೆ. ಗುಣಾಕಾರದ ಒಂದು ಪಾಲು ನನ್ನದು, ಅದನ್ನು ನಾನು ನೆಟ್ಟಗೆ ಮಾಡುತ್ತೇನೆ. 'ವಾಸ್', 'ಸೆಡ್', 'ಒನ್' ತರಹದ ನಿಯಮ ಮೀರಿದ ಶಬ್ದಗಳಿಗೆ "ಇದ್ಯಾಕ ಹಿಂಗ?" ಎಂದು ಮಕ್ಕಳು ಕೇಳಿದರೆ ಇಂಗ್ಲಿಷಿನ ಪರವಾಗಿ ಬೈಸಿಕೊಳ್ಳುವುದೂ ನಾನೇ.

ಇನ್ನೊಂದು ಜಾತಿಯ ಪ್ರಶ್ನೆಗಾರರಿದ್ದಾರೆ. ಕನ್ನಡಕ್ಕಾಗಿ ಕಟ್ಟಿದ ವಿದ್ಯಾವರ್ಧಕ ಸಂಘದ ಊರಿನಲ್ಲಿ ಕೂಸುಗಳಿಗೆ ಇಂಗ್ಲಿಷ್ ದನಿ ಕಲಿಸಲು ನಾಚಿಕೆ ಆಗುವುದಿಲ್ಲವೇ ಅನ್ನುವವರು. ಇವರಿಗೆ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರನ್ನು ನೆನಪಿಸುತ್ತೇನೆ. ವೃತ್ತಿಯಿಂದ ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದ 1981ರ ವರದಿಯೂ ಅವರ ಸಮಿತಿಯದೇ. ನಾಚಿಕೆಯ ಮಾತು ಅಲ್ಲಿಗೆ ಸಾಕು.

ಎರಡೂ ಪಕ್ಷದವರು ಕೇಳದೆ ಬಿಡುವ ಪ್ರಶ್ನೆ ಒಂದಿದೆ: ಮನೆಯಲ್ಲಿ ಮಗುವಿನ ಜೊತೆ ಏನು ಮಾತಾಡಬೇಕು, ಯಾವ ಭಾಷೆಯಲ್ಲಿ? ಕೇಳಿ ನೋಡಿ, ಒಂದು ತಾಸು ಕೂತು ಉತ್ತರ ಕೊಡುತ್ತೇನೆ, ಫೀ ಇಲ್ಲದೆ.

ನೀವು ಗಂಡಹೆಂಡತಿ ಜಗಳಾಡುವ ಭಾಷೆಯಲ್ಲಿ. ಅದೇ ನಿಮಗೆ ಪೂರ್ತಿ ಬರುವ ಭಾಷೆ. ಇಂಗ್ಲಿಷ್ ಮೀಡಿಯಂಗೆ ಹಾಕಿದ ಮರುದಿನವೇ ಮನೆಯಲ್ಲಿ "ಕಮ್ ಪುಟ್ಟಾ, ಸಿಟ್ ಹಿಯರ್, ಡೋಂಟ್ ಟಚ್, ಗೋ" ಶುರುವಾಗುತ್ತದೆ. ನಮ್ಮ ಓಣಿಯ ನಾಯಿಗೂ ಅಷ್ಟು ಇಂಗ್ಲಿಷ್ ಬರುತ್ತದೆ. ಅದರಲ್ಲಿ 'ಯಾಕೆ' ಇಲ್ಲ, 'ಒಂದು ವೇಳೆ' ಇಲ್ಲ, 'ನಿನ್ನೆ ಏನಾಯಿತು ಅಂದರೆ' ಇಲ್ಲ. ಮಳೆ ಯಾಕೆ ತಡವಾಯಿತು, ಕಾಕಾ ಯಾಕೆ ಸಿಟ್ಟಾದ, ಉಣಕಲ್ ಕೆರೆಯ ನೀರು ಎಲ್ಲಿಂದ ಬರುತ್ತದೆ ಎಂದು ಕನ್ನಡದಲ್ಲಿ ಹತ್ತು ಮಾತು ಆಡಿದ ಮಗುವಿಗೆ ಇಂಗ್ಲಿಷಿನಲ್ಲಿ ಬೇಕಾಗುವುದು ಹೊಸ ಹೆಸರು ಮಾತ್ರ, ವಿಷಯ ಒಳಗೆ ಇದ್ದೇ ಇರುತ್ತದೆ. ಮೋಸ ಅಂದರೇನು ಎಂದು ಆಯಿಯಿಂದ ಕೇಳಿದ ಹುಡುಗನಿಗೆ 'ಸ್ಕ್ಯಾಮ್' ಕಲಿಸಲು ಅರೆ ನಿಮಿಷ ಸಾಕು. ಕನ್ನಡ ಓದಲು ಬರುತ್ತದೆಯೇ ಎಂದೂ ನೋಡಿಕೊಳ್ಳಿ. ಚಿಗರಿ ಬಸ್ಸಿನ ಕನ್ನಡ ಬೋರ್ಡು ಓದಲಾರದೆ ಇಂಗ್ಲಿಷ್ ಬೋರ್ಡನ್ನು ಅರ್ಥವಿಲ್ಲದೆ ಓದುವ ಮಕ್ಕಳು ನನ್ನಲ್ಲಿಗೆ ಬರುತ್ತಿದ್ದಾರೆ.

ಇಂಗ್ಲಿಷ್ ಕತೆಯನ್ನೂ ಓದಿ ಹೇಳಿ, ನಡುನಡುವೆ ಕನ್ನಡದಲ್ಲಿ ಮಾತಾಡುತ್ತ. ನಿಮ್ಮ ಉಚ್ಚಾರ ಸರಿಯಿಲ್ಲವೆಂದು ಹೆದರಬೇಡಿ, ಅದನ್ನು ತಿದ್ದಲು ನಾನಿದ್ದೇನೆ. ಬಂದವರ ಮುಂದೆ ಮಾತ್ರ "ಓದಿ ತೋರ್ಸು" ಅನ್ನಬೇಡಿ. ಹೋಳಿಗೆ ಆರಿಹೋಗುತ್ತದೆ.

ಇಷ್ಟು ಓದಿದ ಮೇಲೂ ಕಳಿಸುವುದಾದರೆ ಕಳಿಸಿ, ಸಂಜೆಯ ಬ್ಯಾಚಿನಲ್ಲಿ ಜಾಗ ಇದೆ. ಎಷ್ಟು ದಿನದಾಗ ಮುಗೀತದ ಅಂತ ಕೇಳಿದವರಿಗೆ ಇಲ್ಲ.