ಒಬ್ಬರಿಗಾಗಿ ಒಬ್ಬರು ಕಾಯುವ ಸಭೆ

ಕಳೆದ ಮಳೆಗಾಲದಲ್ಲಿ ಮುಂಬಯಿಯ ನಮ್ಮ ಕನ್ನಡ ಕ್ರೈಸ್ತ ಸಭೆಯ ಹಿರಿಯ ತಾಯಿಯೊಬ್ಬರು ಸತತ 7 ಭಾನುವಾರ ಆರಾಧನೆಗೆ ಬರಲಿಲ್ಲ. ಸಭಾ ಸಮಿತಿಯ ಕಾರ್ಯದರ್ಶಿಯಾಗಿದ್ದ ನನಗೆ ಆ 7 ವಾರವೂ ಅದು ಗಮನಕ್ಕೆ ಬರಲಿಲ್ಲ. ಅವರು ಮುಂಬಯಿಯಲ್ಲೇ ನರ್ಸ್ ಆಗಿ ದುಡಿದು ನಿವೃತ್ತರಾದವರು. ಬಲಗಡೆಯ ಮೂರನೆಯ ಬೆಂಚಿನಲ್ಲಿ, ಫ್ಯಾನಿನ ಕೆಳಗೆ ಕುಳಿತು, ಪಕ್ಕದ ಜಾಗದ ಮೇಲೆ ಒಂದು ಕೀರ್ತನೆಯ ಪುಸ್ತಕವನ್ನು ಇಟ್ಟಿರುತ್ತಿದ್ದರು. ಕಲಬುರಗಿ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವ ಹುಡುಗನೊಬ್ಬ ಪ್ರತಿ ವಾರವೂ ತಡವಾಗಿ ಓಡಿಬರುವವನಾದ್ದರಿಂದ, ಅವನಿಗೆ ಆ ಪುಸ್ತಕವೇ ಹಿಡಿದಿಟ್ಟ ಸ್ಥಳ. ಕೊನೆಗೆ ನನ್ನನ್ನು ತಡೆದು ಕೇಳಿದವನೂ ಅವನೇ: "ಅಣ್ಣಾರ, ಅವ್ವಾರು ಯಾಕ ಬರವಲ್ರು?"

ಅವರ ಮನೆ ಮುಂಬಯಿಯ ಪಕ್ಕದ ಠಾಣೆ ಊರಿನಲ್ಲಿ. ಸ್ನಾನದ ಮನೆಯಲ್ಲಿ ಜಾರಿಬಿದ್ದು, ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ, ಮನೆಗೆ ಮರಳಿ ಆಗಲೇ ಹತ್ತು ದಿನವಾಗಿತ್ತು. ನಾನು ಕ್ಷಮೆ ಕೇಳಲು ತೊಡಗಿದಾಗ ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. "ಮೊದಲ ನಾಲ್ಕು ವಾರ ಯಾರಾದರೂ ಬಂದಾರು ಎಂದು ಭಾನುವಾರ ಸಂಜೆ ಬಾಗಿಲ ಕಡೆ ನೋಡುತ್ತಿದ್ದೆ ಮಗಾ, ಆಮೇಲೆ ರೂಢಿಯಾಯಿತು" ಎಂದಷ್ಟೇ ಹೇಳಿ, ಸೊಸೆಗೆ ಚಹಾ ಇಡಲು ಹೇಳಿದರು. ಆ 7 ವಾರವೂ ನಮ್ಮ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಪ್ರತಿದಿನ ಬೆಳಗ್ಗೆ ಒಂದು ವಚನವೂ ಅದರ ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳೂ ತಪ್ಪದೆ ಬರುತ್ತಿದ್ದವು ಎಂಬುದನ್ನು ಇಲ್ಲಿ ಸೇರಿಸಿಯೇ ಹೇಳಬೇಕು.

ಅಂದಿನಿಂದ ನನ್ನ ಮನಸ್ಸಿನಲ್ಲಿ ಉಳಿದಿರುವುದು ಒಂದೇ ಕ್ರಿಯಾಪದ. ಕನ್ನಡದಲ್ಲಿ ಕಾಯುವುದು ಎಂದರೆ ಬರುವವರಿಗಾಗಿ ನಿಲ್ಲುವುದೂ ಹೌದು, ಕುರಿಯನ್ನೂ ಹೊಲವನ್ನೂ ನೋಡಿಕೊಳ್ಳುವುದೂ ಹೌದು. ತಮ್ಮನನ್ನು ಕಾಯುವ ಹೊಣೆ ತನ್ನದೋ ಎಂದು, ಅವನನ್ನು ಕೊಂದ ಕಾಯಿನನು ದೇವರನ್ನೇ ಮರುಪ್ರಶ್ನಿಸಿದ ಮಾತು ಕನ್ನಡ ಬೈಬಲಿನಲ್ಲಿ ಇದೇ ಪದದಿಂದ ಬರುತ್ತದೆ; ಇಸ್ರಾಯೇಲನ್ನು ಕಾಯುವವನು ತೂಕಡಿಸುವುದಿಲ್ಲವೆಂಬ 121ನೆಯ ಕೀರ್ತನೆಯಲ್ಲಿಯೂ ಇದೇ ಪದ. ಪ್ರೀತಿ, ಐಕ್ಯ, ಅನ್ಯೋನ್ಯತೆ ಎಂಬ ದೊಡ್ಡ ಮಾತುಗಳನ್ನು ನಾವು ಪ್ರಸಂಗಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಆದರೆ ಒಬ್ಬರು ಬಾರದೆ ಇದ್ದಾಗ ಅವರ ಹೆಸರು ಹಿಡಿದು ಕೇಳುವವರು ಎಷ್ಟು ಮಂದಿ ಎಂಬುದರಲ್ಲಿ ಸಭೆಯ ಬದ್ಧತೆ ತಿಳಿಯುತ್ತದೆಯೇ ಹೊರತು, ಕುಳಿತವರ ತಲೆಗಳನ್ನು ಎಣಿಸಿ ವರದಿ ಬರೆಯುವುದರಲ್ಲಲ್ಲ. ಆ ವರದಿಗಳನ್ನು ವರ್ಷಗಟ್ಟಲೆ ಬರೆದವನು ನಾನೇ ಆದ್ದರಿಂದ ಇದನ್ನು ಹೇಳುವ ಧೈರ್ಯ ಮಾಡುತ್ತಿದ್ದೇನೆ.

ಸಭೆಗೆ ತಪ್ಪಿಸಿಕೊಳ್ಳುವವರನ್ನು ಗದರಿಸಲು ನಾವು ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ 10ನೆಯ ಅಧ್ಯಾಯದ 25ನೆಯ ವಚನವನ್ನು ಬೆತ್ತದಂತೆ ಬಳಸುತ್ತೇವೆ: ಕೂಡಿಬರುವುದನ್ನು ಬಿಟ್ಟುಬಿಡಬಾರದು. ಅದಕ್ಕೆ ಮುಂಚಿನ 24ನೆಯ ವಚನವನ್ನು ಅಷ್ಟಾಗಿ ಓದುವುದಿಲ್ಲ. ಅಲ್ಲಿ ಮೊದಲು ಹೇಳಿರುವುದು ಒಬ್ಬರನ್ನೊಬ್ಬರು ಗಮನಿಸಿ, ಪ್ರೀತಿಗೂ ಸತ್ಕಾರ್ಯಕ್ಕೂ ಪ್ರೇರೇಪಿಸಬೇಕೆಂದು. ಗಮನಿಸುವವರೇ ಇಲ್ಲದ ಕಡೆಗೆ ಬರದಿರುವವನನ್ನು ಯಾವ ಬಾಯಿಂದ ಗದರಿಸುವುದು?

ಗ್ರೀಸಿನ ಕೊರಿಂಥ ಪಟ್ಟಣದ ಸಭೆಯ ಕಥೆಯನ್ನು ನಾನು ಮತ್ತೆ ಓದಿದ್ದು ಈ ಸಂದರ್ಭದಲ್ಲಿ. ಕ್ರಿ.ಶ. 55ರ ಆಸುಪಾಸಿನಲ್ಲಿ ಅಪೊಸ್ತಲ ಪೌಲನು ಎಫೆಸದಿಂದ ಆ ಸಭೆಗೆ ಬರೆದ ಮೊದಲನೆಯ ಪತ್ರದ 11ನೆಯ ಅಧ್ಯಾಯವನ್ನು ನಾವು ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ರಾತ್ರಿಭೋಜನದ ದಿನ ತಪ್ಪದೆ ಓದುತ್ತೇವೆ, ಆದರೆ ರೊಟ್ಟಿಯನ್ನು ಮುರಿದ ರಾತ್ರಿಯ ಮಾತುಗಳಿಂದ ಆರಂಭಿಸುತ್ತೇವೆ. ಅದಕ್ಕೆ ಹಿಂದಿನ ಸಾಲುಗಳಲ್ಲಿ ಒಂದು ಜಗಳವಿದೆ. ಆಗ ಪ್ರತ್ಯೇಕ ಚರ್ಚ್ ಕಟ್ಟಡಗಳಿರಲಿಲ್ಲ. ಅನುಕೂಲಸ್ಥರ ಮನೆಗಳಲ್ಲಿ ಊಟದೊಂದಿಗೆ ಸಭೆ ಸೇರುತ್ತಿತ್ತು. ಹೊತ್ತಿಗೆ ಸರಿಯಾಗಿ ಬರುವ ಅವಕಾಶವಿದ್ದವರು ತಮ್ಮ ತಮ್ಮ ಊಟ ಮುಗಿಸಿ, ಕುಡಿದು ಅಮಲೇರುವ ತನಕ ಹೋಗುತ್ತಿದ್ದರು. ಏನೂ ಇಲ್ಲದವರು ಹಸಿದೇ ಉಳಿಯುತ್ತಿದ್ದರು. ಆ ಹಸಿದವರಲ್ಲಿ ದಾಸರೂ ಕೂಲಿಯವರೂ ಇದ್ದಿರಬೇಕು, ಯಜಮಾನನ ಕೆಲಸ ಮುಗಿಯದೆ ಹೊರಡಲಾಗದವರು. ಪೌಲನು ಆ ಜಗಳಕ್ಕೆ ಕೊಟ್ಟ ಪರಿಹಾರ ಯಾವ ಘನವಾದ ತತ್ತ್ವವೂ ಅಲ್ಲ. ಊಟಕ್ಕೆ ಕೂಡಿಬಂದಾಗ ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಿ ಎಂದು 33ನೆಯ ವಚನದಲ್ಲಿ ಹೇಳಿ ಮುಗಿಸಿದ್ದಾನೆ.

ಇದು ಮುಂಬಯಿಯ ಕನ್ನಡ ಸಭೆಗೆ ಎಷ್ಟು ಹತ್ತಿರದ ಮಾತೆಂಬುದು ಇಲ್ಲಿ ಇರುವವರಿಗೆ ಗೊತ್ತು. ನಮಗೆ ಸ್ವಂತ ಕಟ್ಟಡವಿಲ್ಲ. ಒಂದೇ ಚರ್ಚಿನಲ್ಲಿ ಬೆಳಗ್ಗೆ ಇಂಗ್ಲಿಷ್ ಆರಾಧನೆ, ಅನಂತರ ಮರಾಠಿಯದು, ಈಚಿನವರೆಗೆ ಸಂಜೆ 4ಕ್ಕೆ ನಮ್ಮದು, ಆರರ ಹೊತ್ತಿಗೆ ಬಾಗಿಲಲ್ಲಿ ಇನ್ನೊಂದು ಭಾಷೆಯವರು ಕಾದು ನಿಂತಿರುತ್ತಾರೆ. ಭಾನುವಾರವೆಂದರೆ ರೈಲ್ವೆಯವರಿಗೆ ಹಳಿ ದುರಸ್ತಿಗಾಗಿ ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್‌ನ ದಿನ. ಸೆಂಟ್ರಲ್ ಅಥವಾ ಹಾರ್ಬರ್ ಮಾರ್ಗದಲ್ಲಿ ಮಧ್ಯಾಹ್ನವೆಲ್ಲ ಗಾಡಿಗಳು ತಡ, ಕೆಲವು ರದ್ದು. ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಪಾಳಿ ಮುಗಿಸಿ ಬರುವವರು, ಪನವೇಲದಿಂದ ಎರಡು ಗಾಡಿ ಬದಲಿಸಿ ಬರುವವರು, ಕಟ್ಟಡದ ಮೇಸ್ತ್ರಿ ಬಿಟ್ಟ ಮೇಲೆ ಹೊರಡುವವರು, ಇವರೆಲ್ಲ ಎರಡನೆಯ ಕೀರ್ತನೆಯ ಹೊತ್ತಿಗೆ ಒಳಗೆ ಬರುತ್ತಿದ್ದರು. ಆರಾಧನೆಯನ್ನು 4.30ಕ್ಕೆ ಆರಂಭಿಸೋಣವೆಂಬ ಪ್ರಸ್ತಾಪ ಸಮಿತಿಯ ಮುಂದೆ ಬಂದಾಗ, ದೇವರ ಮನೆಯಲ್ಲಿ ಶಿಸ್ತು ಬೇಕೆಂದು ಅತ್ಯಂತ ಗಟ್ಟಿಯಾಗಿ ವಾದಿಸಿದವರು ಚರ್ಚಿಗೆ ನಡೆದೇ ಬರುವಷ್ಟು ಹತ್ತಿರ ಮನೆಯಿದ್ದವರು. (ನನ್ನ ಮನೆಯೂ ಹತ್ತಿರವೇ; ಆ ದಿನ ನಾನು ಸುಮ್ಮನಿದ್ದೆ.) ಕೊನೆಗೆ ಅರ್ಧ ಗಂಟೆ ಮುಂದಕ್ಕೆ ಹೋಯಿತು. ಚರ್ಚಿನ ಹೊರಗಿನ ಚಹಾ ಈಗ ಆರಾಧನೆಯ ಮುಂಚೆ ಆಗುತ್ತದೆ, ಮೊದಲು ಬಂದವರು ಬರಬೇಕಾದವರಿಗಾಗಿ ಕಾಯುತ್ತಾರೆ, ಕಾಯುವಾಗ ಯಾರು ಬಂದಿಲ್ಲವೆಂಬುದು ತಾನಾಗಿ ಮಾತಿಗೆ ಬರುತ್ತದೆ.

ನಮ್ಮ ಹಿರಿಯರ ಕಾಲದಲ್ಲಿ ಇಷ್ಟು ಕಷ್ಟವಿರಲಿಲ್ಲ ಎಂದು ಹೇಳುವವರಿದ್ದಾರೆ, ಅದರಲ್ಲಿ ಸತ್ಯವೂ ಇದೆ. ನನ್ನ ಪೂರ್ವಿಕರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಸಭೆಯವರು. 1834ರಲ್ಲಿ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದ ಮೇಲೆ ಅಲ್ಲಿ ಕ್ರೈಸ್ತರಾದವರು ಜಾತಿಯ ಜೊತೆಗೆ ಗೇಣಿಯ ಭೂಮಿ, ಕಸುಬು, ಕೆಲವೊಮ್ಮೆ ತಂದೆಯ ಮನೆಯ ಜಗಲಿಯನ್ನೂ ಕಳೆದುಕೊಂಡರು. ಅವರಿಗೆ ಅನ್ನದ ದಾರಿಯಾಗಬೇಕೆಂದೇ ಮಿಷನ್ನಿನ ನೇಯ್ಗೆಯ ಮಗ್ಗಗಳು ಬಂದವು, 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆ ಬಂತು. ಕೆಲಸ, ಮನೆ, ಶಾಲೆ, ಮದುವೆಯ ಸಂಬಂಧ, ಸಮಾಧಿಯ ಜಾಗ ಎಲ್ಲವೂ ಸಭೆಯೊಳಗೇ ಇದ್ದಾಗ ಒಬ್ಬರನ್ನೊಬ್ಬರು ಕಾಯುವುದು ಆಯ್ಕೆಯ ಪ್ರಶ್ನೆಯಾಗಿರಲಿಲ್ಲ. ಅದನ್ನು ಸುವರ್ಣಯುಗವೆಂದು ನಾನು ಕರೆಯಲಾರೆ. ಅನ್ನ ಕೊಡುವ ಕೈಯೇ ಶಿಸ್ತನ್ನೂ ವಿಧಿಸುವಾಗ ಪ್ರೀತಿಗೂ ಅಂಜಿಕೆಗೂ ನಡುವಿನ ಗೆರೆ ತೆಳ್ಳಗಾಗುತ್ತದೆ. ಮುಂಬಯಿಯಲ್ಲಿ ನಮ್ಮ ಸಂಬಳ ಬ್ಯಾಂಕಿನಿಂದಲೋ ಹೋಟೆಲಿನಿಂದಲೋ ಬರುತ್ತದೆ, ಮನೆ ಸೊಸೈಟಿಯದು, ಮಕ್ಕಳ ಶಾಲೆ ಇನ್ನಾರದೋ. ಸಭೆ ಇಲ್ಲದೆಯೂ ನಮ್ಮ ಬದುಕು ನಡೆಯುತ್ತದೆ. ಆದ್ದರಿಂದ ಇಲ್ಲಿ ಒಬ್ಬನು ಇನ್ನೊಬ್ಬನಿಗಾಗಿ ಕಾದರೆ ಅದು ಸ್ವಂತ ಮನಸ್ಸಿನಿಂದಲೇ ಆಗಬೇಕು, ಮತ್ತು ಹಾಗೆ ಆದದ್ದಕ್ಕೆ ಬೆಲೆ ಹೆಚ್ಚೆಂದು ನನ್ನ ಅಭಿಪ್ರಾಯ.

ಇದಕ್ಕೆ ಒಂದು ಕ್ರಮ ಬೇಕು, ಬರೀ ಒಳ್ಳೆಯ ಮನಸ್ಸು ಸಾಲದು. ಮೆಥೊಡಿಸ್ಟ್ ಚಳವಳಿಯ ಆರಂಭದ ಒಂದು ಪ್ರಸಂಗ ನನಗೆ ಇಷ್ಟವಾಗಲು ಕಾರಣ, ಅದು ಸಾಲದ ಲೆಕ್ಕದಿಂದ ಹುಟ್ಟಿದ ಆತ್ಮೀಯತೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಆ ಕ್ರೈಸ್ತ ಚಳವಳಿಯ ನಾಯಕ ಜಾನ್ ವೆಸ್ಲಿಯ ಅನುಯಾಯಿಗಳ ಕೂಟದ ಮನೆಯ ಮೇಲೆ ಸಾಲವಿತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂಬ ಸಲಹೆ ಬಂದಾಗ ಬಡವರಿಗೆ ಅದೂ ಆಗದೆಂಬ ಆಕ್ಷೇಪ ಎದ್ದಿತು; ಸಲಹೆ ಕೊಟ್ಟವನು, ಹಾಗಾದರೆ ಅತ್ಯಂತ ಬಡವರಾದ 11 ಮಂದಿಯನ್ನು ನನಗೇ ವಹಿಸಿರಿ, ಅವರಿಂದ ಆಗದಿದ್ದರೆ ಅವರ ಪಾಲನ್ನು ನಾನೇ ಕೊಡುತ್ತೇನೆ ಎಂದನು. ಹೀಗೆ ಹನ್ನೆರಡು ಹನ್ನೆರಡು ಮಂದಿಯ ಗುಂಪುಗಳಾದವು. ಹಣ ಕೇಳಲು ಮನೆಮನೆಗೆ ಹೋದ ನಾಯಕರಿಗೆ ಮನೆಯೊಳಗಿನ ಜಗಳ, ಕುಡಿತ, ಕಾಯಿಲೆ ಕಣ್ಣಿಗೆ ಬಿದ್ದವು, ಮತ್ತು ತಾನು ಬಹುಕಾಲದಿಂದ ಹುಡುಕುತ್ತಿದ್ದುದು ಇದೇ ಎಂದು ವೆಸ್ಲಿಗೆ ಹೊಳೆಯಿತು. 1871ರ ಕೊನೆಯಲ್ಲಿ ಮುಂಬಯಿಗೆ ಬಂದ ಅಮೆರಿಕದ ವಿಲಿಯಂ ಟೇಲರ್ ಕೂಡ ಇಲ್ಲಿ ಮೆಥೊಡಿಸ್ಟ್ ಸಭೆಯನ್ನು ಕಟ್ಟಲು ಆರಂಭಿಸಿದ್ದು ಮನೆಗಳಲ್ಲಿ ಸೇರುತ್ತಿದ್ದ ಸಣ್ಣ ಕೂಟಗಳಿಂದಲೇ.

ನಾವೂ ಹಾಗೆಯೇ ಗುಂಪು ಮಾಡಿದೆವು, ಆದರೆ ಮುಂಬಯಿಯ ರೀತಿಯಲ್ಲಿ. ಈ ಊರಿನಲ್ಲಿ ಯಾರು ಯಾರಿಗೆ ಹತ್ತಿರ ಎಂಬುದನ್ನು ನಿರ್ಧರಿಸುವುದು ರೈಲು ಮಾರ್ಗ. ಮುಲುಂಡಿನವನಿಗೆ ಡೊಂಬಿವಲಿ ಹತ್ತಿರ, ಬೊರಿವಲಿ ದೂರ. ಆದಕಾರಣ ಸೆಂಟ್ರಲ್, ಹಾರ್ಬರ್, ವೆಸ್ಟರ್ನ್ ಎಂದು ಮೂರು ಭಾಗ ಮಾಡಿ, ಒಂದೊಂದರಲ್ಲಿ ಹತ್ತು ಹನ್ನೆರಡು ಮನೆಗಳಿಗೆ ಒಬ್ಬ ಹೊಣೆಗಾರರನ್ನು ನೇಮಿಸಿದೆವು. ಎರಡು ವಾರ ಯಾರಾದರೂ ಕಾಣದಿದ್ದರೆ ಫೋನು, ಮೂರನೆಯ ವಾರಕ್ಕೆ ಮನೆಗೆ ಭೇಟಿ. ತಿಂಗಳಿಗೊಮ್ಮೆ ಒಂದೊಂದು ಮನೆಯಲ್ಲಿ ಪ್ರಾರ್ಥನಾ ಕೂಟ. ಊಟಕ್ಕೆ ಅನ್ನ, ಸಾರು, ಒಂದು ಪಲ್ಯ ಮಾತ್ರ ಎಂದು ಮೊದಲೇ ನಿಯಮ ಮಾಡಿದೆವು, ಏಕೆಂದರೆ ಒಂದು ಮನೆಯಲ್ಲಿ ಕೋರಿರೊಟ್ಟಿ ಮಾಡಿದರೆ ಮುಂದಿನ ಮನೆಯವರಿಗೆ ಅದೇ ಹೊರೆಯಾಗುತ್ತದೆ, ಒಂದೇ ಕೋಣೆಯಲ್ಲಿರುವವರು ಕೂಟವನ್ನು ಕರೆಯಲೇ ಹಿಂಜರಿಯುತ್ತಾರೆ. ಕಾಣಿಕೆಯಲ್ಲಿ ಒಂದು ಪಾಲನ್ನು ಪ್ರತ್ಯೇಕವಾಗಿ ಇಟ್ಟು, ಆಸ್ಪತ್ರೆಯ ಖರ್ಚಿಗೆ ಕೊಡುತ್ತೇವೆ. ಯಾರಿಗೆ ಕೊಟ್ಟೆವೆಂಬುದು ಸಭಾಪಾಲಕರಾದ ಅಯ್ಯನವರಿಗೂ ಖಜಾಂಚಿಗೂ ಮಾತ್ರ ಗೊತ್ತು.

ಭಾಷೆಯ ವಿಷಯದಲ್ಲಿ ನಾನು ಬಹಳ ಕಾಲ ಹಟ ಹಿಡಿದಿದ್ದೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಆದರೆ ಓದಲು ಬರುವುದು ಇಂಗ್ಲಿಷ್, ಹಿಂದಿ, ಮರಾಠಿ. ಕೀರ್ತನೆಗಳನ್ನು ದೇವನಾಗರಿ ಲಿಪಿಯಲ್ಲಿ ಬರೆದುಕೊಡಬೇಕೆಂದು ಯುವಜನರು ಕೇಳಿದಾಗ, ಕನ್ನಡ ಕಲಿಯಲಿ ಎಂದು ನಾನೇ ವಿರೋಧಿಸಿದ್ದೆ. ಇನ್ನೊಂದು ಕಡೆ, ಬೀದರ್ ಮತ್ತು ಕಲಬುರಗಿಯಿಂದ ಬಂದವರಿಗೆ ಕರಾವಳಿಯವರಾದ ನಮ್ಮ ಪುಸ್ತಕದ ಕನ್ನಡವೂ ನಮ್ಮ ಕುಳಿತುಕೊಳ್ಳುವ ರೀತಿಯೂ ಬಿಗಿಯೆನಿಸುತ್ತಿತ್ತು. ಅವರು ಹಿಂದಿನ ಬೆಂಚುಗಳಲ್ಲೇ ಉಳಿಯುತ್ತಿದ್ದರು. ಯೆರೂಸಲೇಮಿನ ಮೊದಲ ಸಭೆಯಲ್ಲಿಯೂ ಒಡಕು ಕಾಣಿಸಿಕೊಂಡದ್ದು ಭಾಷೆಯ ಗೆರೆಯಲ್ಲೇ ಎಂಬುದು ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿದೆ: ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತಾಡುವವರು ಗೊಣಗಿದರು. ಆಗ ಆರಿಸಲ್ಪಟ್ಟ 7 ಮಂದಿಯ ಹೆಸರುಗಳನ್ನು ಓದಿ ನೋಡಿ. ಸ್ತೆಫನ, ಫಿಲಿಪ್ಪ ಮೊದಲಾಗಿ ಎಲ್ಲವೂ ಗ್ರೀಕ್ ಹೆಸರುಗಳೇ. ದೂರಿದವರ ಕೈಗೇ ಹಂಚಿಕೆಯ ಹೊಣೆ ಬಂದಿತು ಎಂದು ಅದನ್ನು ಓದಬಹುದು. ಈ ವರ್ಷ ನಮ್ಮ ಸುಗ್ಗಿ ಹಬ್ಬದ ಹರಾಜನ್ನು ಕಲಬುರಗಿಯವರಿಗೆ ವಹಿಸಿದೆವು. ಒಂದು ಕುಂಬಳಕಾಯಿಗೆ ಅವರು ಕೂಗಿದ ಬೆಲೆಯೂ ಅವರು ಮಾಡಿದ ತಮಾಷೆಯೂ ನಮ್ಮ ಹಿಂದಿನ ಯಾವ ಹರಾಜಿನಲ್ಲೂ ಕಂಡದ್ದಲ್ಲ. ದೇವನಾಗರಿಯ ಹಾಳೆಗಳೂ ಈಗ ಬೆಂಚುಗಳ ಮೇಲಿವೆ. ಅವುಗಳಲ್ಲಿನ ಒತ್ತಕ್ಷರದ ತಪ್ಪುಗಳನ್ನು ತಿದ್ದುವ ಕೆಲಸ ನನಗೇ ಬಿದ್ದಿದೆ.

ಎಲ್ಲವೂ ಸರಿಹೋಗಿದೆ ಎಂದು ಇದರ ಅರ್ಥವಲ್ಲ. ಹಳೆಯ ಮನಸ್ತಾಪದಿಂದ ಮಾತು ಬಿಟ್ಟ ಎರಡು ಕುಟುಂಬಗಳು ಇನ್ನೂ ಎರಡು ಬಾಗಿಲಿನಿಂದ ಒಳಗೆ ಬರುತ್ತವೆ. ಫಿಲಿಪ್ಪಿ ಪಟ್ಟಣದ ಸಭೆಯಲ್ಲಿ ಮನಸ್ತಾಪವಿದ್ದ ಯುವೊದ್ಯ ಮತ್ತು ಸಂತುಕೆ ಎಂಬಿಬ್ಬರು ಸ್ತ್ರೀಯರ ನಡುವೆ ಪೌಲನು ಮೂರನೆಯವನೊಬ್ಬನನ್ನು ನೇಮಿಸಿದಂತೆ ಇಲ್ಲಿಯೂ ಒಬ್ಬರು ಪ್ರಯತ್ನಿಸುತ್ತಿದ್ದಾರೆ. ಭೇಟಿಗೆ ಬಂದವರನ್ನು ಲೆಕ್ಕ ಕೇಳಲು ಬಂದವರೆಂದು ಭಾವಿಸಿ ಬಾಗಿಲಲ್ಲೇ ಮಾತಾಡಿಸಿ ಕಳುಹಿಸಿದವರೂ ಇದ್ದಾರೆ, ಅವರನ್ನು ದೂರುವಂತಿಲ್ಲ. ಪೌಲನು ತಾನು ಇನ್ನೂ ಕಾಲಿಡದಿದ್ದ ರೋಮಾಪುರದ ಸಭೆಗೆ ಬರೆದ ಪತ್ರದ ಕೊನೆಯಲ್ಲಿ 20ಕ್ಕೂ ಹೆಚ್ಚು ಮಂದಿಯನ್ನು ಹೆಸರು ಹಿಡಿದು ವಂದಿಸಿದ್ದಾನೆ. ವರ್ಷಗಳಿಂದ ಒಂದೇ ಸೂರಿನಡಿ ಕುಳಿತ ನನಗೆ, ಪುಸ್ತಕ ನೋಡದೆ ಅಷ್ಟು ಹೆಸರುಗಳನ್ನು ಹೇಳಲು ಬಂದದ್ದು ಈಚೆಗೆ.

ಆ ಹಿರಿಯ ತಾಯಿ ಈಗ ವಾಕರ್ ಹಿಡಿದು ತಿಂಗಳಿಗೊಮ್ಮೆ ಬರುತ್ತಾರೆ. ಅವರು ಬಾರದ ವಾರ ಮೂರನೆಯ ಬೆಂಚಿನಲ್ಲಿ ಆ ಕಲಬುರಗಿಯ ಹುಡುಗ ಪುಸ್ತಕವನ್ನು ಅವರ ಜಾಗದ ಮೇಲೆ ಇಡುತ್ತಾನೆ, ಆರಾಧನೆ ಮುಗಿದ ಕೂಡಲೇ ಠಾಣೆಗೆ ಫೋನು ಮಾಡಿ ಅಂದಿನ ವೇದಪಾಠ ಯಾವುದೆಂದು ತಿಳಿಸುತ್ತಾನೆ. ಸೆಂಟ್ರಲ್ ಮತ್ತು ಹಾರ್ಬರ್ ಗುಂಪುಗಳು ನಡೆಯುತ್ತಿವೆ. ವೆಸ್ಟರ್ನ್ ಗುಂಪು ಎರಡು ಸಲ ಸೇರಿ ನಿಂತುಹೋಗಿದೆ. ವಸಯಿ ಮತ್ತು ನಾಲಾಸೋಪಾರದ ಮೂರು ಮನೆಗಳವರಿಗೆ ತಮ್ಮನ್ನು ಕೇಳುವವರಿಲ್ಲವೆಂಬ ಬೇಸರವಿದೆ, ಅದು ನ್ಯಾಯವೂ ಆಗಿದೆ. ಬರುವ ಶನಿವಾರ ನಾನು ಅಲ್ಲಿಗೆ ಹೋಗುತ್ತಿದ್ದೇನೆ. ಜೊತೆಗೆ ಬರುವ ಮನಸ್ಸಿರುವ ಸಭೆಯವರು ಮಧ್ಯಾಹ್ನ 3.30ಕ್ಕೆ ದಾದರ್‌ನ ವೆಸ್ಟರ್ನ್ ಕಡೆಯ ಟಿಕೆಟ್ ಕಿಟಕಿಯ ಬಳಿ ಸೇರಿರಿ. ತಡವಾದವರಿಗಾಗಿ ಒಂದು ವಿರಾರ್ ಗಾಡಿಯನ್ನು ಬಿಟ್ಟು ಮುಂದಿನದಕ್ಕೆ ಹತ್ತುತ್ತೇನೆ.