ಮೂಲೆ ತೋರಿಸು ಅಂದರು ಅಪ್ಪ

ನಮ್ಮಪ್ಪ ಮೊಸಾಯಿಕ್ ಮೇಸ್ತ್ರಿ. ತಿಪಟೂರಿನ ಸುತ್ತಮುತ್ತ ಎಂಬತ್ತರ ದಶಕದಲ್ಲಿ ಎದ್ದ ಮನೆಗಳಲ್ಲಿ ಎಷ್ಟೋ ಹಾಲುಗಳ ನೆಲ ಅವರದ್ದು. ಹಾಗಾಗಿ ನನ್ನ ಪಾಲಿಗೆ ಮೊಸಾಯಿಕ್ ಅಂದರೆ ಬಿಳಿ ಸಿಮೆಂಟಿಗೆ ಕಲಸಿದ ಕಲ್ಲಿನ ಚಿಪ್ಸು, ಚೌಕಗಳ ನಡುವೆ ಗಾಜಿನ ಪಟ್ಟಿ, ಪಾಲಿಶ್ ಮಿಷನ್ನಿನ ಗರ್ರ್ ಸದ್ದು, ಅಪ್ಪನ ಪ್ಯಾಂಟಿನ ಮೊಣಕಾಲಿಗೆ ಮೆತ್ತಿ ಗಟ್ಟಿಯಾದ ಬೂದು ಕೆಸರು. ಅದೇ ಹೆಸರಿನ ಕೆಲಸದಲ್ಲಿ ಹುಲಿ, ಆನೆ, ಹಡಗು ಎಲ್ಲ ಬರುತ್ತವೆ ಅಂತ ಗೊತ್ತಾಗಿದ್ದು ಬಹಳ ತಡವಾಗಿ.

ಜೂನ್‌ನಲ್ಲಿ ಇಟಲಿಯ ಸಿಸಿಲಿ ದ್ವೀಪಕ್ಕೆ ಹೋಗಿದ್ದೆವು. ನಮ್ಮವರಿಗೆ ಎಟ್ನಾ ಜ್ವಾಲಾಮುಖಿ ಬೇಕು, ನನಗೆ ವಿಲ್ಲಾ ರೊಮಾನಾ ದೆಲ್ ಕಸಾಲೆ ಅನ್ನುವ ರೋಮನ್ನರ ಕಾಲದ ಬಂಗಲೆ. ಸಣ್ಣ ಜಗಳವಾಗಿ ಎರಡೂ ಆಯಿತು. ಕತಾನಿಯಾದಿಂದ ಬಸ್ಸಿನಲ್ಲಿ ಪಿಯಾತ್ಸಾ ಅರ್ಮೆರೀನಾ, ಅಲ್ಲಿಂದ ನಾಲ್ಕೈದು ಕಿಲೋಮೀಟರ್ ಟ್ಯಾಕ್ಸಿ. ಟ್ಯಾಕ್ಸಿಯವನು ಕೇಳಿದ ದುಡ್ಡಿನ ವಿಷಯ ಬೇಡ.

4ನೇ ಶತಮಾನದ ಮೊದಲ ಭಾಗದಲ್ಲಿ ಕಟ್ಟಿದ ಮನೆ ಇದು. ಯಾವ ಸಾಹುಕಾರನದ್ದು ಅಂತ ಇವತ್ತಿಗೂ ತೀರ್ಮಾನವಾಗಿಲ್ಲ. ಚಕ್ರವರ್ತಿಯದ್ದೇ ಅನ್ನುವವರೂ ಇದ್ದಾರೆ. ಸುಮಾರು 3,500 ಚದರ ಮೀಟರ್ ಮೊಸಾಯಿಕ್. 12ನೇ ಶತಮಾನದಲ್ಲಿ ಗುಡ್ಡ ಜರಿದು ಮಣ್ಣು ಮುಚ್ಚಿದ್ದರಿಂದಲೇ ಇಷ್ಟು ಉಳಿದುಕೊಂಡಿದೆ. 1950ರ ದಶಕದಲ್ಲಿ ದೊಡ್ಡ ಮಟ್ಟದಲ್ಲಿ ಅಗೆದು ತೆಗೆದರು. ಈಗ ಮೇಲೆ ಸೂರು ಹಾಕಿ, ನೆಲ ಮುಟ್ಟದ ಹಾಗೆ ಅಟ್ಟದಂಥ ದಾರಿ ಮಾಡಿದ್ದಾರೆ. ನಾವು ಮೇಲೆ, ಚಿತ್ರಗಳು ಕಾಲ ಕೆಳಗೆ.

ದೊಡ್ಡ ಬೇಟೆಯ ಪಡಸಾಲೆ 60 ಮೀಟರಿಗೂ ಉದ್ದ. ರೋಮಿನ ಅಖಾಡಗಳಿಗೆ ಕಾಡುಮೃಗ ಹಿಡಿದು ಸಾಗಿಸುವ ಕಥೆ ಅದು. ಹಲಗೆ ಮೇಲೆ ಉಷ್ಟ್ರಪಕ್ಷಿಯನ್ನು ತಬ್ಬಿಕೊಂಡು ಹಡಗಿಗೆ ಹತ್ತಿಸುವ ಆಳನ್ನು ನೋಡಿ ನಗು ಬಂತು, ಕುರಿಮರಿ ಎತ್ತಿಕೊಂಡು ಸಂತೆಗೆ ಹೊರಟವನ ಹಾಗೆ. ಇನ್ನೊಂದು ಕಡೆ ತಾಯಿಹುಲಿ, ಅದರ ಮುಂದೆ ಗಾಜಿನ ಗುಂಡು. ಮರಿ ಕದ್ದವನು ಓಡುತ್ತಾ ಗುಂಡು ಎಸೆಯುತ್ತಾನಂತೆ. ಹುಲಿ ಅದರಲ್ಲಿ ತನ್ನ ಬಿಂಬ ಕಂಡು, ಮರಿಯೇ ಅಂದುಕೊಂಡು ನಿಂತುಬಿಡುತ್ತದೆ. ಅಲ್ಲಿಂದ ನನಗೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಪಡಸಾಲೆಯ ಒಂದು ತುದಿಯ ಕಮಾನಿನಲ್ಲಿ ಕಂದು ಮೈಬಣ್ಣದ ಹೆಂಗಸು, ಕೈಯಲ್ಲಿ ದಂತ, ಒಂದು ಪಕ್ಕ ಆನೆ, ಇನ್ನೊಂದು ಪಕ್ಕ ಹುಲಿ. ಭಾರತವನ್ನೇ ಹೆಣ್ಣಾಗಿ ತೋರಿಸಿದ್ದಾರೆ ಅಂತ ಹಲವರು, ಅಲ್ಲ ಅಂತ ಕೆಲವರು. ಹುಲಿ ಇದೆಯಲ್ಲ, ನಾನು ಹಲವರ ಕಡೆ.

ಹತ್ತು ಹುಡುಗಿಯರ ಕೋಣೆಗೆ ಬಂದಾಗ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಊರಲ್ಲಿ ಮಧ್ಯಾಹ್ನ ಮೂರೂವರೆ, ಮಲಗಿ ಎದ್ದು ಕಾಫಿಗೆ ಕಾಯುತ್ತಿದ್ದರು. ಇವತ್ತಿನ ಬಿಕಿನಿಯಂಥದ್ದೇ ತುಂಡುಬಟ್ಟೆ ಉಟ್ಟು ಓಡುವವಳು, ಚಕ್ರ ಎಸೆಯುವವಳು, ಚೆಂಡಾಟದವರು, ಗೆದ್ದು ಕಿರೀಟ ಪಡೆದವಳು. ಎಲ್ಲರೂ ಫೋಟೋ ತೆಗೆಯುವುದು ಇಲ್ಲೇ. ಅಪ್ಪ ಹುಡುಗಿಯರನ್ನು ನೋಡಲೇ ಇಲ್ಲ.

"ಮೂಲೆ ತೋರ್ಸು ಮಗಾ. ಮಧ್ಯ ಯಾರ್ ಬೇಕಾದ್ರೂ ಮಾಡ್ತಾರೆ."

ಮೂಲೆ ತೋರಿಸಿದೆ. ಅಲ್ಲಿ ಹುಡುಗಿಯ ಚಿತ್ರ ಕಿತ್ತುಹೋಗಿ, ಅಡಿಯಿಂದ ಬೇರೊಂದು ನೆಲ ಇಣುಕುತ್ತಿತ್ತು. ಬರೀ ರೇಖೆ, ಆಕಾರಗಳ ಹಳೇ ವಿನ್ಯಾಸ. ಅದರ ಮೇಲೇ ಈ ಆಟಗಾರ್ತಿಯರನ್ನು ಕೂರಿಸಿದ್ದಾರೆ.

ಅಪ್ಪ ಕನ್ನಡಕ ಹಾಕಿಕೊಂಡರು. "ಹಳೇದರ ಮೇಲೇ ಹೊಡ್ದವ್ರೆ! ಉಳೀಲಿ ಕೊತ್ತಿ ಒರಟು ಮಾಡಿದ್ರಾ, ಇಲ್ಲಾ ಹಂಗೇ ಗಾರೆ ಎಳೆದ್ರಾ?"

"ಇಲ್ಲಿಂದ ಕಾಣಲ್ಲಪ್ಪ."

"ಕೊತ್ತಿಲ್ಲ. ಅದಕ್ಕೇ ಎದ್ದಿರೋದು. ಓನರ್ರು ಅವಸರ ಮಾಡಿರ್ತಾನೆ."

ಸಾವಿರದ ಏಳುನೂರು ವರ್ಷ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಪರವಾಗಿಲ್ಲ ಬಿಡು" ಅಂದರು. ಹಿಂದೆ ಬಂದ ಜರ್ಮನ್ ಗುಂಪು ಜರುಗಿ ಜರುಗಿ ಅನ್ನುವ ಹಾಗೆ ಕೆಮ್ಮುತ್ತಿತ್ತು. ಫೋನ್ ಇಡುವ ಮುಂಚೆ ಅಪ್ಪ ಇನ್ನೊಂದು ಕೇಳಿದರು: "ಕೂಲಿ ಎಷ್ಟಿತ್ತಂತೆ?"

ರಾತ್ರಿ ರೂಮಿನಲ್ಲಿ ಕೂತು ಹುಡುಕಿದೆ, ಸಿಕ್ಕಿತು. ರೋಮನ್ ಚಕ್ರವರ್ತಿ ಡಯೊಕ್ಲೆಟಿಯನ್ 301ರಲ್ಲಿ ಬೆಲೆ, ಕೂಲಿಗಳಿಗೆಲ್ಲ ಮಿತಿ ಹಾಕಿ ಆಜ್ಞೆ ಹೊರಡಿಸಿದ್ದ, ಹೆಚ್ಚುಕಮ್ಮಿ ಈ ಮನೆ ಎದ್ದ ಕಾಲವೇ. ನೆಲದ ಮೊಸಾಯಿಕ್‌ನವನಿಗೆ ದಿನಕ್ಕೆ 50 ದಿನಾರಿ (ಆಗಿನ ರೋಮನ್ ದುಡ್ಡು), ಊಟ ಸೇರಿ. ಬಡಗಿಗೂ ಅಷ್ಟೇ. ಗೋಡೆ, ಕಮಾನಿಗೆ ಮೊಸಾಯಿಕ್ ಮಾಡುವವನಿಗೆ 60. ಚಿತ್ರ ಬರೆಯುವ ಕಲಾವಿದನಿಗೆ 150.

ಬೆಳಿಗ್ಗೆ ಅಪ್ಪನಿಗೆ ಓದಿ ಹೇಳಿದೆ.

"ಡ್ರಾಯಿಂಗ್ ಮಾಡೋನಿಗೆ ಮೂರು ಪಟ್ಟಾ?" ಅಂದರು. "ಮಂಡಿ ಊರಿ ಕೂತಿದ್ದು ಯಾರಂತೆ?"